ಡಬ್ಬಿಯೊಳಗಿನ ಗುಡ್ಡ

ನಮ್ಮ ಮನೆಯ ಪಡಸಾಲೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ, ಅಂಗೈಯಗಲದ ಹಸಿರು ಬೋರ್ಡೊಂದು ನೇತಾಡುತ್ತಿದೆ. ಅದರ ಮೇಲೆ ಯಾರೋ ಅವಸರದಲ್ಲಿ ಒಗ್ಗರಣೆ ಡಬ್ಬಿ ಚೆಲ್ಲಿಕೊಂಡಂತೆ ಜೀರಿಗೆ, ಮೆಣಸು, ಉದ್ದಿನಬೇಳೆಯ ಗಾತ್ರದ ಬಿಡಿಭಾಗಗಳು. ಮನೆಗೆ ಬಂದವರು ಚಹಾ ಕುಡಿಯುತ್ತ ಅದನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಆಮೇಲೆ ಸುಮ್ಮನೆ ಬಿಸ್ಕತ್ತು ತಿನ್ನುತ್ತಾರೆ. ಒಬ್ಬರಂತೂ ವಾಸ್ತುದೋಷಕ್ಕೆ ಕಟ್ಟಿದ್ದೀರಾ ಎಂದು ಕೇಳಿ, ಹೌದೆಂದು ತಾವೇ ತೀರ್ಮಾನಿಸಿ, ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಹೋದರು. ನನ್ನ ಹೆಂಡತಿ ಅದಕ್ಕೆ ಸ್ಕೂಟರಿನ ಕೀಲಿ ಸಿಕ್ಕಿಸುತ್ತಾಳೆ. ಪ್ರತಿ ದೀಪಾವಳಿಗೆ ಧೂಳು ಹೊಡೆಯುವಾಗ ಮಾತ್ರ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾಳೆ.

"ಇದನ್ನ ಗುಜರಿಗೆ ಹಾಕ್ಲೇನ್ರಿ?"

"ಬ್ಯಾಡ."

"ಮತ್ತ ಇದು ಮಾಡೂದರ ಏನು?"

"ಏನೂ ಮಾಡೂದಿಲ್ಲ."

"ನಿಮ್ಮ ಹಂಗ ಅನ್ರಿ" ಎಂದು ಮತ್ತೆ ಅದೇ ಮೊಳೆಗೆ ತೂಗುಹಾಕುತ್ತಾಳೆ.

ಅದು ಗಿಟಾರಿನ ಹಳೆಯ ಪೆಡಲ್ ಒಂದರ ಹೊಟ್ಟೆಯೊಳಗಿನ ಬೋರ್ಡು. ಪೆಡಲ್ ಅಂದರೆ ಸೈಕಲ್ಲಿನದಲ್ಲ. ಗಿಟಾರ್ ನುಡಿಸುವವರು ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ. ನಾದ ಅದರೊಳಗೆ ಹೊಕ್ಕು, ತುಸು ಹೊತ್ತು ನಿಂತು, ಮತ್ತೊಮ್ಮೆ ಹೊರಗೆ ಬರುತ್ತದೆ. ಮಾರ್ದನಿಯ ಪೆಟ್ಟಿಗೆ ಎಂದುಕೊಳ್ಳಿ. ನನಗೆ ಗಿಟಾರ್ ಬಾರದು. ನಾನು ತಂತಿ ಮುಟ್ಟಿದರೆ ಅದಕ್ಕೂ ಬೇಸರ, ಕೇಳುವವರಿಗೂ ಬೇಸರ. ಆದರೂ ಸಮುದ್ರದಾಚೆಯ ಅಪರಿಚಿತನೊಬ್ಬನಿಂದ ಇದನ್ನು ಇಂಟರ್ನೆಟ್ಟಿನಲ್ಲಿ ಕೊಂಡವನು ನಾನೇ. ಅದೂ ತಪ್ಪು ಬೋರ್ಡು. ಸರಿಯಾದದ್ದು ಆಮೇಲೆ ಬಂತು, ಅದು ಈಗ ದಾಂಡೇಲಿಯ ಅಂಬೇವಾಡಿಯಲ್ಲಿ, ಗೆಳೆಯನೊಬ್ಬನ ಮನೆಯಲ್ಲಿದೆ.

ಮಾರ್ದನಿಯ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇತ್ತೆನ್ನಬೇಕು. ಹಳಿಯಾಳದ ನಮ್ಮ ಹಳೇ ಮನೆಯ ಬಚ್ಚಲಲ್ಲಿ ದೊಡ್ಡದೊಂದು ತಾಮ್ರದ ಹಂಡೆಯಿತ್ತು. ಅವ್ವ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಂಗಳದ ಬಿಸಿಲಿಗೆ ಅಡ್ಡ ಮಲಗಿಸಿದ ದಿನ ನನಗೆ ಹಬ್ಬ. ಒಳಗೆ ತಲೆ ತೂರಿಸಿ ನಮ್ಮ ಹೆಡ್‌ಮಾಸ್ತರರ ದನಿಯಲ್ಲಿ "ಸಾಲಾಗಿ ನಿಲ್ರಿ" ಎಂದು ಗದರಿದರೆ ಸಾಕು, ಹಂಡೆಯೊಳಗೆ ಇಡೀ ಶಾಲೆ ನಡುಗಿದಂತೆ ಕೇಳುತ್ತಿತ್ತು. ಒಂದು ದಿನ ಅವ್ವ ಹೊರಗಿನಿಂದ ಸೌಟಿನಲ್ಲಿ ಹಂಡೆಗೆ ಒಂದೇಟು ಬಾರಿಸಿದಳು. ಸಂಜೆಯವರೆಗೂ ಕಿವಿಯಲ್ಲಿ ಗಂಟೆ ಹೊಡೆಯುತ್ತಿತ್ತು. ಹುಚ್ಚು ಮಾತ್ರ ಬಿಡಲಿಲ್ಲ.

ಬಿಡದ್ದಕ್ಕೇ ಇರಬೇಕು, ತೊಂಬತ್ತರ ದಶಕದಲ್ಲಿ ದಾಂಡೇಲಿಯ ಒಂದು ಆರ್ಕೆಸ್ಟ್ರಾದಲ್ಲಿ ನಿರೂಪಕನಾದೆ. ಹಾಡಲೂ ಬಾರದ, ನುಡಿಸಲೂ ಬಾರದ ಮನುಷ್ಯನಿಗೆ ಆರ್ಕೆಸ್ಟ್ರಾದಲ್ಲಿ ಇರುವ ಹುದ್ದೆ ಅದೊಂದೇ. ಹಗಲು ಬಸ್‌ಸ್ಟ್ಯಾಂಡಿನ ಬಳಿ ನನ್ನ ಝೆರಾಕ್ಸ್ ಅಂಗಡಿ. ಗಣೇಶನ ಹಬ್ಬದಲ್ಲೂ ಮದುವೆಯ ಸೀಜನ್ನಿನಲ್ಲೂ ಡ್ರಮ್ಮು, ಕೀಬೋರ್ಡು, ಸ್ಪೀಕರುಗಳ ನಡುವೆ ಟೆಂಪೋದಲ್ಲಿ ಮುದುಡಿ ಕುಳಿತು ಹಳಿಯಾಳ, ಜೊಯಿಡಾ, ಮುಂಡಗೋಡ ಸುತ್ತುವುದು. ನನ್ನ ಮೈಕಿಗೆ ಎಕೋ ಹಾಕದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. "ಕಲಾರಸಿಕರೇ" ಎಂದರೆ "ರಸಿಕರೇ, ಸಿಕರೇ" ಎಂದು ಪೆಂಡಾಲಿನ ತುದಿಯವರೆಗೆ ಹೋಗಿ ಮುಟ್ಟಬೇಕು. ಮುಂಡಗೋಡದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಹಿರಿಯರೊಬ್ಬರು ಹುಡುಕಿಕೊಂಡು ಬಂದು ನನ್ನ ಕೈ ಹಿಡಿದರು. "ಎಲ್ಲಾರಕಿಂತ ನಿಮ್ಮದs ಚಲೋ ಇತ್ತು ನೋಡ್ರಿ. ಎರಡೆರಡು ಸಲ ಹೇಳಿದ್ರಿ, ನನಗೂ ತಿಳೀತು." ಅದು ಹೊಗಳಿಕೆಯೋ ಅಲ್ಲವೋ ಎಂದು ಟೆಂಪೋದಲ್ಲಿ ಮನೆ ಮುಟ್ಟುವವರೆಗೂ ಚರ್ಚೆಯಾಯಿತು.

ಆ ಚರ್ಚೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವನು ಸುಭಾಸ, ನಮ್ಮ ಗಿಟಾರಿನವನು. ಅಂಬೇವಾಡಿಯಲ್ಲಿ ತಾಯಿಯ ಜೊತೆ ಮನೆ, ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಉಳಿದ ಹೊತ್ತೆಲ್ಲ ಗಿಟಾರು. ಅಷ್ಟು ಒಳ್ಳೆಯ ಕಿವಿಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಟೆಂಪೋ ಘಟ್ಟ ಏರುವಾಗ ಇಂಜಿನ್ನಿನ ಸದ್ದು ಯಾವ ಸ್ವರದಲ್ಲಿದೆಯೆಂದು ಹೇಳಿ, ಅದೇ ಶ್ರುತಿಗೆ ಗಿಟಾರ್ ಕೂಡಿಸಿ ನುಡಿಸುತ್ತ ಕೂರುತ್ತಿದ್ದ. ಡ್ರೈವರ್ ಗೇರ್ ಬದಲಿಸಿದರೆ ಅವನೂ ಬದಲಿಸುತ್ತಿದ್ದ. ಇಷ್ಟೆಲ್ಲ ಇದ್ದೂ ಅವನಿಗೆ ನಮ್ಮ ಆರ್ಕೆಸ್ಟ್ರಾದ ಎಕೋ ಕಂಡರೆ ಆಗುತ್ತಿರಲಿಲ್ಲ. "ಇದು ಸುಳ್ಳ ಹೇಳತೈತಿ ಮಾರಾಯಾ. ಕೊಟ್ಟದ್ದನ್ನ ಹಂಗs ಹೊಳ್ಳಿ ಕೊಡತೈತಿ. ಗುಡ್ಡಾ ಎಲ್ಲೆರ ಹಂಗ ಕೊಡತೈತೇನು?" ಎನ್ನುತ್ತಿದ್ದ.

ಗುಡ್ಡದ ವಿಷಯದಲ್ಲಿ ಅವನ ಮಾತಿಗೆ ಎದುರಾಡುವಂತಿರಲಿಲ್ಲ. ಸುಭಾಸ ಹುಟ್ಟಿದ ಊರು ಸೂಪಾ ಅಣೆಕಟ್ಟಿನ ನೀರಿನಡಿ ಇದೆ. ಜೊಯಿಡಾ ಕಡೆಯ ಕಾಡಿನ ನಡುವೆ ಏಳೆಂಟು ಮನೆಗಳ ಕೇರಿ, ಎದುರಿಗೆ ಹಳ್ಳ, ಹಳ್ಳದಾಚೆ ಗೋಡೆಯ ಹಾಗೆ ನೆಟ್ಟಗೆ ನಿಂತ ಕಲ್ಲಿನ ಗುಡ್ಡ. ಅಂಗಳದಲ್ಲಿ ನಿಂತು ಕೂಗಿದರೆ ಗುಡ್ಡ ತಿರುಗಿ ಕೂಗುತ್ತಿತ್ತು. ಹುಡುಗರಿಗೆ ಅದು ಆಟ. ಹೆಂಗಸರಿಗೆ ಮಾತ್ರ ಅದರ ಜೊತೆ ಬೇರೆಯೇ ಒಂದು ವ್ಯವಹಾರವಿತ್ತು. ಮದುವೆಯಾಗಿ ಹೊರಡುವ ಹುಡುಗಿ, ದಿಬ್ಬಣ ಏಳುವ ಮುಂಚೆ, ಅಂಗಳದ ತುದಿಯ ಕಲ್ಲಿನ ಮೇಲೆ ನಿಂತು ತನ್ನ ಹೆಸರನ್ನು ತಾನೇ ಕೂಗಬೇಕು. ಗುಡ್ಡ ಆ ಹೆಸರನ್ನು ಒಮ್ಮೆ ಹೇಳುತ್ತದೆ. "ಇಟ್ಟುಕೊಂಡಿತು" ಎನ್ನುತ್ತಾರೆ ಹಿರಿಯರು. ಆಮೇಲೆಯೇ ಹುಡುಗಿ ಊರು ಬಿಡುವುದು. ಅವರಲ್ಲಿ ಗಂಡನ ಮನೆ ಸೇರಿದವಳಿಗೆ ಹೊಸ ಹೆಸರಿಡುತ್ತಾರೆ. ಹಳೆಯದನ್ನು ಒಂದು ಕಡೆ ಜೋಪಾನವಾಗಿ ಇಟ್ಟು ಹೋಗದಿದ್ದರೆ ಹೊಸದು ಮೈಗೆ ಹತ್ತುವುದಿಲ್ಲವೆಂದು ಅವರ ನಂಬಿಕೆ. ಸುಭಾಸನ ತಾಯಿಯನ್ನು ನಾವೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಸೊಸೆಯರಾಗಿ ಹೋದ ತನ್ನ ಓರಗೆಯವರೆಲ್ಲರ ಹೆಸರು ಆ ಗುಡ್ಡದಲ್ಲಿವೆ ಎಂದು ಆಯಿ ಹೇಳುತ್ತಿದ್ದಳು.

ಸುಭಾಸನ ಅಕ್ಕ ಗೋಕುಳಾಗೆ ಆ ಭಾಗ್ಯವಿರಲಿಲ್ಲ. ಅವಳು ಇನ್ನೂ ಲಂಗ ಉಡುತ್ತಿದ್ದಾಗಲೇ ಅಣೆಕಟ್ಟಿಗಾಗಿ ಕೇರಿ ಎದ್ದು ಜೊಯಿಡಾ ತಾಲೂಕಿನ ರಾಮನಗರಕ್ಕೆ ಬಂತು. ಅವಳ ಮದುವೆ ಅಲ್ಲಿಯ ಪುನರ್ವಸತಿ ಮನೆಯಿಂದ ಆಯಿತು, ಎದುರಿಗೆ ಇನ್ನೊಂದು ಮನೆಯ ಗೋಡೆ. ಕೂಗದೆಯೇ ಹೋದಳು. ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿ ಗಂಡನ ಮನೆ; ಅಲ್ಲಿ ಸುಮಿತ್ರಾ ಎಂದು ಹೆಸರಿಟ್ಟರು. ಒಳ್ಳೆಯ ಮನೆ, ಒಳ್ಳೆಯ ಗಂಡ, ಎಲ್ಲವೂ ಸರಿ. ಒಂದೇ ತೊಂದರೆ. "ಸುಮಿತ್ರಾ" ಎಂದು ಕರೆದರೆ ಮೊದಲ ಸಲಕ್ಕೆ ಅವಳು ತಿರುಗುತ್ತಿರಲಿಲ್ಲ. ಸೊಸೆಗೆ ಕಿವಿ ಮಂದವೆಂದು ಅತ್ತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡತೊಡಗಿದರು. ಎಣ್ಣೆ ಹಾಕುವವರು ಹಾಕುತ್ತ ಹೋದರು, ಹಾಕಿಸಿಕೊಳ್ಳುವವಳು ತಲೆ ವಾಲಿಸುತ್ತ ಹೋದಳು. ಇಪ್ಪತ್ತು ವರ್ಷ ಕಳೆಯಿತು. ಗಂಡ ಪರಶುರಾಮಭಾವನಿಗೆ ಎರಡು ಸಲ ಕರೆಯುವುದೇ ರೂಢಿಯಾಗಿ, ಅಂಗಡಿಯಲ್ಲಿ ಅಕ್ಕಿ ಕೇಳುವಾಗಲೂ "ಅಕ್ಕಿ, ಅಕ್ಕಿ" ಎನ್ನುವಂತಾಯಿತು. "ನಮ್ಮ ಭಾವಗ ಪೆಡಲ್ ಬ್ಯಾಡ, ಅಂವಾ ಹುಟ್ಟಾ ಎಕೋ" ಎಂದು ಸುಭಾಸ ತಮಾಷೆ ಮಾಡುತ್ತಿದ್ದ. ಆದರೆ ಗೋಕುಳಾ ಒಮ್ಮೆ ತಮ್ಮನ ಹತ್ತಿರ ಹೇಳಿದ ಮಾತು ತಮಾಷೆಯದಲ್ಲ. "ನನ್ನ ಹೆಸರು ಎಲ್ಲೂ ಇಟ್ಟು ಬಂದಿಲ್ಲೋ ತಮ್ಮಾ. ಅದು ಇನ್ನೂ ದಾರ್ಯಾಗs ಐತಿ."

ಅಂದಿನಿಂದ ಅಕ್ಕನಿಗೆ ಆ ಗುಡ್ಡವನ್ನು ಒಮ್ಮೆ ಕೇಳಿಸಬೇಕೆಂಬುದು ಅವನ ತಲೆ ಹೊಕ್ಕಿತು.

ನಮ್ಮ ಕಡೆ ಬೇರೆ ಗುಡ್ಡಗಳಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅವನು ಅಕ್ಕನನ್ನು ಒಂದು ಸಲ ಅಣಶಿ ಘಟ್ಟಕ್ಕೆ ಕರೆದೊಯ್ದಿದ್ದನಂತೆ. ಅಲ್ಲಿಯ ಗುಡ್ಡ ತಡವಾಗಿ, ನಾಲ್ಕು ಕಡೆಯಿಂದ ಚೂರುಚೂರಾಗಿ ಉತ್ತರ ಕೊಟ್ಟಿತು. ಗೋಕುಳಾ ಸ್ವಲ್ಪ ಹೊತ್ತು ಕೇಳಿ, "ಇದು ಮಂದಿ ಗುಡ್ಡಾ, ನಮ್ಮದಲ್ಲ, ನಡಿ ಹೋಗೂಣು" ಎಂದು ಬಸ್ ಹತ್ತಿದಳಂತೆ.

ಮುಂದೆ ದಾಂಡೇಲಿಯ ಒಂದು ಮದುವೆಗೆ ಗೋವಾದಿಂದ ಬ್ಯಾಂಡು ಬಂತು. ಊಟದ ಹೊತ್ತು. ನಾನು ಶೀರಾದ ಎರಡನೇ ತುತ್ತಿನಲ್ಲಿದ್ದೆ. ಸುಭಾಸ ಎಂಜಲ ಕೈಯಲ್ಲೇ ಎದ್ದು ವೇದಿಕೆಯ ಹತ್ತಿರ ಹೋಗಿ ನಿಂತ. ಅವರ ಗಿಟಾರಿನವನ ಕಾಲ ಬಳಿ ಬಣ್ಣ ಹೋದ, ತುಕ್ಕು ಹಿಡಿದ ಪೆಟ್ಟಿಗೆಯೊಂದಿತ್ತು. ಅದರಿಂದ ತಿರುಗಿ ಬರುವ ನಾದ ಸ್ವಲ್ಪ ಮಸುಕು, ಅಂಚು ಸವೆದದ್ದು, ಕಲ್ಲಿಗೂ ಪಾಚಿಗೂ ತಾಗಿ ಬಂದಂಥದ್ದು. ಊಟ ಮುಗಿದ ಮೇಲೆ ಸುಭಾಸ ಆ ಗೋವಾದವನನ್ನು ಹಿಡಿದು ಕೂರಿಸಿಕೊಂಡು ಎಲ್ಲ ವಿಚಾರಿಸಿದ. ಇವು ಹಳೇ ಕಾಲದ ಪೆಡಲುಗಳು, ಈಗ ತಯಾರಾಗುವುದಿಲ್ಲ. ಹೊಸವು ನಾದವನ್ನು ಲೆಕ್ಕ ಮಾಡಿ ಹಾಗೇ ಒಪ್ಪಿಸುತ್ತವೆ. ಇವು ಒಂದು ಬಿಡಿಭಾಗದಿಂದ ಇನ್ನೊಂದಕ್ಕೆ ದಾಟಿಸುತ್ತ ದಾಟಿಸುತ್ತ ಸವೆಸಿಬಿಡುತ್ತವೆ. ತೊಂದರೆಯೆಂದರೆ ಹೆಚ್ಚು ಹೊತ್ತು ಹಿಡಿದಿಡಲಾರವು. ಪರದೇಶದಲ್ಲಿ ಕೆಲವರು ಇವನ್ನು ಬಿಚ್ಚಿ, ಬೋರ್ಡು ತಿದ್ದಿ, ನಾದ ಹಿಡಿದಿಡುವ ಕಾಲ ಉದ್ದ ಮಾಡಿ ಇಂಟರ್ನೆಟ್ಟಿನಲ್ಲಿ ಮಾರುತ್ತಾರೆ.

ಇಂಟರ್ನೆಟ್ ಎಂದ ಮೇಲೆ ನನ್ನ ಕಾಲ ಬಂತು. ಎರಡು ಸಾವಿರದ ಆಚೀಚೆ ನಾನು ಝೆರಾಕ್ಸ್ ಮಶಿನ್ನಿನ ಪಕ್ಕ ಎರಡು ಕಂಪ್ಯೂಟರ್ ಇಟ್ಟು, ಹೊರಗೆ ಕೆಂಪು ಅಕ್ಷರದ ಬೋರ್ಡು ಬರೆಸಿ, ಊರಿಗೆ ಕಂಪ್ಯೂಟರ್ ಪಂಡಿತನಾಗಿದ್ದೆ. ಒಂದು ಚಿತ್ರ ಪೂರ್ತಿ ಮೂಡುವುದರೊಳಗೆ ಎದುರಿನ ಹೋಟೆಲ್ಲಿಗೆ ಹೋಗಿ ಚಹಾ ಕುಡಿದು ಬರಬಹುದಾದ ಕಾಲ ಅದು. ಹರಾಜಿನ ಪುಟದಲ್ಲಿ ಹಸಿರು ಬೋರ್ಡಿನ ಮೇಲರ್ಧ ಮೂಡಿತ್ತು, ಪಕ್ಕದಲ್ಲಿ 'ಮಾಡಿಫೈಡ್' ಎಂದಿತ್ತು. ನನಗೆ ಅಷ್ಟು ಸಾಕಾಯಿತು. ನಮ್ಮ ಕಡೆ ಯಾರಾದರೂ ಜೀಪನ್ನು ಮಾಡಿಫೈ ಮಾಡಿಸಿದರೆ ಅದು ಉದ್ದ ಆಗಿಯೇ ಆಗುತ್ತದೆ. ಹಿಂದೆ ಇನ್ನೊಂದು ಸೀಟು ಬೆಸೆದು, ಹಳಿಯಾಳದ ಸಂತೆಗೆ ಆರೇಳು ಮಂದಿಯನ್ನು ಹೆಚ್ಚಿಗೆ ತುಂಬಿಸಲಿಕ್ಕಲ್ಲದೆ ಮತ್ತೆ ಯಾತಕ್ಕೆ ಮಾಡಿಸುತ್ತಾರೆ? ಬೋರ್ಡೂ ಉದ್ದ ಆಗಿರಲೇಬೇಕು ಎಂದುಕೊಂಡೆ. ಹುಬ್ಬಳ್ಳಿಯಲ್ಲಿದ್ದ ನನ್ನ ಹೆಂಡತಿಯ ತಮ್ಮನ ಬಳಿ ಕ್ರೆಡಿಟ್ ಕಾರ್ಡಿತ್ತು, ಅವನನ್ನು ಫೋನಿನಲ್ಲಿ ಕೂರಿಸಿಕೊಂಡು ಗುಂಡಿ ಒತ್ತಿಯೇಬಿಟ್ಟೆ.

ವಾರಗಟ್ಟಲೆ ಕಾದ ಮೇಲೆ ಪೋಸ್ಟಿನಲ್ಲಿ ಬಂತು. ಪೆಟ್ಟಿಗೆಯಿಲ್ಲ, ಗುಂಡಿಯಿಲ್ಲ, ಬರೀ ಬೋರ್ಡು, ನಾಲ್ಕು ಕಡೆ ಜೋತ ವೈರು. ಅದೇನೂ ಪರವಾಗಿಲ್ಲವೆಂದು ಸುಭಾಸ ವೈರು ಬೆಸೆದು, ಬ್ಯಾಟರಿ ಕೊಟ್ಟು, ಮೈಕು ನನ್ನ ಕೈಗಿತ್ತ. "ಕಲಾರಸಿಕರೇ" ಎಂದೆ. ಒಮ್ಮೆ ಬಂತು, ಇನ್ನೊಮ್ಮೆ ಬಂತು, ಪ್ರತಿ ಸಲ ದೊಡ್ಡದಾಗುತ್ತ ಹೋಗಿ ಕೊನೆಗೆ ಕಾರ್ಖಾನೆಯ ಭೋಂಗಾದ ಹಾಗೆ ಊಳಿಡತೊಡಗಿತು. ಓಣಿಯ ನಾಯಿಗಳೆಲ್ಲ ದನಿಗೂಡಿಸಿದವು. ಯಾರೋ ಅದನ್ನು ಹೀಗೆ ಕಿರುಚಲಿಕ್ಕೆಂದೇ ತಿದ್ದಿದ್ದರು. ಅಂಥದ್ದನ್ನು ಬಯಸುವ ಗಿಟಾರಿನವರೂ ಇದ್ದಾರಂತೆ. ನನಗೆ ಭೂಮಿಗೆ ಇಳಿದುಹೋದಂತಾಯಿತು. ಸುಭಾಸ ಬ್ಯಾಟರಿ ಕಿತ್ತು, ಬೋರ್ಡನ್ನು ನನ್ನ ಕೈಗೆ ಕೊಟ್ಟು, "ಇದನ್ನ ನೀನs ಇಟ್ಟಕೋ. ನಿನ್ನ ಭಾಷಣ ಹಿಂಗs ಇರತೈತಿ" ಎಂದ. ಸಿಟ್ಟು ಮಾಡಿಕೊಳ್ಳಬೇಕಾದವನು ನಗುತ್ತಿದ್ದ. ಆ ನಗುವಿಗಾಗಿ ನಾನು ಅವನನ್ನು ಇವತ್ತಿಗೂ ಮೆಚ್ಚುತ್ತೇನೆ.

ಎರಡನೇ ಸಲ ಕೇಳದೆ ಕೊಳ್ಳಬಾರದೆಂದು ನಿಶ್ಚಯಿಸಿದೆವು. ಆದರೆ ಏನೆಂದು ಕೇಳುವುದು? ಆ ಗುಡ್ಡ ಎಷ್ಟು ಹೊತ್ತಿಗೆ ಉತ್ತರ ಕೊಡುತ್ತಿತ್ತು? ಗುಡ್ಡದ ಮುಂದೆ ಈಗ ಕಾಳಿ ಹೊಳೆಯ ನೀರು ನಿಂತಿದೆ, ಕೂಗುವ ಅಂಗಳ ಅದರಡಿಯಲ್ಲಿದೆ, ಹೋಗಿ ಅಳೆಯುವಂತಿಲ್ಲ. ಸುಭಾಸ ಕಣ್ಣು ಮುಚ್ಚಿ ನೆನಪಿಸಿಕೊಂಡು ಚಿಟಿಕೆ ಹೊಡೆದ. ಒಂದೊಂದು ಸಲ ಒಂದೊಂದು ಅಂತರ ಬಂತು. ಕಿವಿಯನ್ನು ಅಷ್ಟು ನಂಬಿದವನು ಅವತ್ತು ಪೆಚ್ಚಾಗಿ ಕುಳಿತಿದ್ದ.

ಅಷ್ಟರಲ್ಲಿ ಅವನ ಮನೆಯ ಹಿತ್ತಲಲ್ಲಿ ಆಯಿ ಹಿಟ್ಟು ಕುಟ್ಟುವ ಸದ್ದು ಕೇಳಿತು. ಆಯಿ ಎಲ್ಲರ ಹಾಗೆ ಧಬಧಬನೆ ಕುಟ್ಟುವವಳಲ್ಲ. ಒಂದು ಪೆಟ್ಟು ಹಾಕುವಳು, ನಿಲ್ಲುವಳು, ಮತ್ತೊಂದು ಪೆಟ್ಟು. ಒನಕೆ ಮೇಲೆತ್ತಿ ಯಾರಿಗೋ ದಾರಿ ಬಿಟ್ಟವಳಂತೆ ಕಾಯುವಳು. "ಆಯಿ, ನಡುವ ನಿದ್ದಿ ಹೋಗ್ತೀರೇನ್ರಿ?" ಎಂದು ಪಕ್ಕದ ಮನೆಯವರು ಚೇಷ್ಟೆ ಮಾಡುತ್ತಿದ್ದರು. ನಮಗೂ ಅದು ವಯಸ್ಸಿನ ನಿಧಾನವೆಂದೇ ಅನ್ನಿಸಿತ್ತು. ಅಂದು ಸುಭಾಸ ತಟ್ಟನೆ ಎದ್ದು ಹೋಗಿ ಅವರ ಕೊಂಕಣಿಯಲ್ಲಿ ಏನೋ ಕೇಳಿದ. ಆಯಿ ಒನಕೆ ಊರಿಕೊಂಡು, ಇದೇನು ಕೇಳುವ ಮಾತೇ ಎಂಬಂತೆ ಉತ್ತರ ಕೊಟ್ಟಳು. ಅವನು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿದ್ದವು.

"ಕೇರ್ಯಾಗ ಆಯಿ ಒಬ್ಬಾಕಿನs ಕುಟ್ಟತಿದ್ಲು. ಜೋಡಿಗೆ ಯಾರೂ ಇರ್ಲಿಲ್ಲ. ಆಕಿ ಒಂದ ಪೆಟ್ಟ ಹಾಕಿದ್ರ ನಡುವ ಗುಡ್ಡಾ ಒಂದ ಪೆಟ್ಟ ಹಾಕತಿತ್ತು. ಆಕಿ ಇನ್ನೂ ಗುಡ್ಡಕ್ಕ ಜಾಗಾ ಬಿಟ್ಟs ಕುಟ್ಟಾಕತ್ತಾಳೋ!"

ನಾನು ವಾಚು ಬಿಚ್ಚಿ ಹಿಡಿದು ಕುಳಿತೆ. ಆಯಿ ಕುಟ್ಟಿದಳು. ಊರು ಮುಳುಗಿ ಇಷ್ಟು ವರ್ಷವಾದರೂ ಅವಳ ತೋಳು ಆ ಲಯ ಬಿಟ್ಟಿರಲಿಲ್ಲ. ಪೆಟ್ಟಿಗೂ ಪೆಟ್ಟಿಗೂ ನಡುವಿನ ಹೊತ್ತಿನಲ್ಲಿ ಅರ್ಧ ಗುಡ್ಡದ ಪಾಲು. ಆ ಪಾಲೇ ಅರ್ಧ ಸೆಕೆಂಡಿನ ಮೇಲೆ ಒಂದು ಚೂರು. ನಾನು ನನ್ನ ಇಂಗ್ಲಿಷಿನಲ್ಲಿ ಇನ್ನೊಬ್ಬ ಮಾರಾಟಗಾರನಿಗೆ ಬರೆದೆ: ನಾವು ಕೂಗಿದರೆ ನಿಮ್ಮ ಬೋರ್ಡು ಇಷ್ಟು ಹೊತ್ತು ಬಿಟ್ಟು ಓ ಎನ್ನುತ್ತದೆಯೇ? ಆ ಪುಣ್ಯಾತ್ಮ ನಗಲಿಲ್ಲ, ನಕ್ಕರೂ ನಮಗೆ ಗೊತ್ತಾಗಲಿಲ್ಲ. ಸರಿಯಾಗಿ ಅಷ್ಟೇ ಹೊತ್ತಿಗೆ ಎಂದೂ, ಹೆಚ್ಚುಕಡಿಮೆ ಮಾಡಲು ಒಂದು ತಿರುಗುಗುಂಡಿ ಸೇರಿಸಿದ್ದೇನೆಂದೂ ಉತ್ತರ ಬಂತು.

ಆ ಬೋರ್ಡು ಬಂದಾಗ ನಾವು ಅದನ್ನು ಕೂಸಿನಂತೆ ಬಿಚ್ಚಿದೆವು. ಆ ಮಾರಾಟಗಾರ ಹಳೆಯ ಚಿಪ್‌ನ ಬೆನ್ನ ಮೇಲೆ ಇನ್ನೊಂದು ಚಿಪ್ ಕೂರಿಸಿ, ಕೂದಲೆಳೆಯಂಥ ತಂತಿಗಳಿಂದ ಬೆಸೆದಿದ್ದ. ಒಂದು ಬೆಸುಗೆಯೂ ಸೋರಿರಲಿಲ್ಲ, ಎಲ್ಲವೂ ಸಾಸಿವೆಯಷ್ಟು ಗುಂಡಗೆ. ಯಾವುದೋ ದೇಶದ ಯಾವುದೋ ಮೇಜಿನ ಮೇಲೆ, ಯಾರ ದನಿಗೆಂದು ತಿಳಿಯದೆಯೇ, ಒಬ್ಬ ಮನುಷ್ಯ ಒಂದು ಹಳೇ ಯಂತ್ರದ ನೆನಪನ್ನು ಎರಡರಷ್ಟು ಮಾಡಿಟ್ಟಿದ್ದ. ಅವನ ಮುಖ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಕೈ ಮುಗಿಯಬೇಕೆನಿಸಿತು, ಮುಗಿದೆ. ಸುಭಾಸ ಆಯಿಯ ಸ್ಟೀಲಿನ ಊಟದ ಡಬ್ಬಿಗೆ ತೂತು ಕೊರೆದು ಬೋರ್ಡನ್ನು ಅದರೊಳಗೆ ಕೂರಿಸಿದ. ಒರಳಿನ ಪಕ್ಕ ಮೈಕು ಇಟ್ಟ. ಆಯಿ ಕುಟ್ಟುತ್ತಿದ್ದಂತೆ ಗುಂಡಿಯನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತ ಬಂದ. ಡಬ್ಬಿಯ ಪೆಟ್ಟು ಮೊದಲು ಆಯಿಯ ಪೆಟ್ಟಿನ ಹಿಂದೆಯೇ ಓಡಿತು, ಆಮೇಲೆ ಹಿಂದುಳಿಯಿತು, ಒಂದು ಕಡೆ ಬಂದಾಗ ನಟ್ಟನಡುವೆ ಬಿತ್ತು. ಆಯಿಯ ಕೈ ತಡೆಯಿತು. "ಆಯ್ಲೊ" ಎಂದಳು. ಬಂದ, ಎಂದು. ಮತ್ತೆ ಸೆರಗು ಸಿಕ್ಕಿಸಿಕೊಂಡು, ಕುಟ್ಟುವ ಹಿಟ್ಟು ಮುಗಿದಿದ್ದರೂ ಬರಿಯ ಒರಳನ್ನೇ ಕುಟ್ಟುತ್ತ ನಿಂತಳು.

ನಾಗರಪಂಚಮಿಗೆ ಗೋಕುಳಾ ತವರಿಗೆ ಬಂದಳು. ಉಂಡಿಯಾಯಿತು, ಜೋಕಾಲಿಯಾಯಿತು, ಹಬ್ಬ ಮುಗಿದು ಗಂಡ ಕರೆದೊಯ್ಯಲು ಬರುವ ದಿನವೂ ಆಯಿತು. ಸುಭಾಸ ಡಬ್ಬಿ ತೆಗೆಯಲೊಲ್ಲ. "ಆಕಿ ಇದನ್ನೂ ಮಂದಿ ಗುಡ್ಡಾ ಅಂದ್ರ ಹೆಂಗೋ? ಇನ್ನೊಂದು ಗುಡ್ಡಾ ಎಲ್ಲಿಂದ ತರ್ಲಿ?" ಎಂದು ನನ್ನ ಅಂಗಡಿಗೆ ಬಂದು ಕುಳಿತ. ನಾನೇ ಅವನನ್ನು ಎಬ್ಬಿಸಿಕೊಂಡು ಹೋದೆ. ಮಧ್ಯಾಹ್ನ ಮಳೆ ಹೊಳವಾಗಿತ್ತು. ಸ್ಪೀಕರನ್ನು ಅಂಗಳದಾಚೆ ಪೇರಲ ಗಿಡದ ಕೆಳಗೆ, ಮನೆಗೆ ಮುಖ ಮಾಡಿ ಇಟ್ಟೆವು. ನಾನು ಸಂದರ್ಭಕ್ಕೆಂದು ಒಂದು ನಿರೂಪಣೆ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಸುಭಾಸ ಮೈಕು ಕಸಿದುಕೊಂಡು ಬಾಗಿಲ ಪಕ್ಕ ಕಟ್ಟಿದ.

"ಅಕ್ಕಾ, ಬಾಗಲದಾಗ ನಿಂದ್ರು. ಒಮ್ಮೆ ಕರಿ."

"ಯಾರನ್ನ?"

"ನಿನ್ನ."

ಅವಳಿಗೆ ಅರ್ಥವಾಯಿತು. ತಮ್ಮನನ್ನು ನೋಡಿದಳು, ಡಬ್ಬಿ ನೋಡಿದಳು. "ಈ ವಯಸ್ಸಿನಾಗ ಏನೋ ಇದು, ಹುಡುಗಾಟ ಹಚ್ಚೀಯೇನು" ಎಂದು ಒಳಗೆ ಹೊರಟವಳನ್ನು ಆಯಿ ರಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಲ್ಲಿಸಿದಳು. ಸೆರಗು ಸರಿಮಾಡಿ, ಮುಖವನ್ನು ಹೊರಗೆ ತಿರುಗಿಸಿದಳು. ಹಾಗೆ ನಿಲ್ಲಿಸುವುದನ್ನು ಆಯಿ ಇಪ್ಪತ್ತು ವರ್ಷದಿಂದ ಬಾಕಿ ಉಳಿಸಿಕೊಂಡಿದ್ದಳು.

ಗೋಕುಳಾ ಉಸಿರೆಳೆದುಕೊಂಡಳು. ಕಾಡಿನ ಕೇರಿಯವರು ಕೂಗುವ ಹಾಗೆ, ಕೊನೆಯ ಅಕ್ಷರವನ್ನು ಹಿಡಿದು ದೂರ ಬೀಸುತ್ತ ಕೂಗಿದಳು. "ಗೋಕುಳಾ!"

ಪೇರಲ ಗಿಡದ ಕಡೆಯಿಂದ, ಅಂಚು ಸವೆದ, ತುಸು ಮಸುಕಾದ ಒಂದು ದನಿ ಕರೆಯಿತು. ಗೋಕುಳಾ.

"ಓ" ಎಂದಳು.

ಕರೆಯುವುದೇ ತಡ ಎಂದುಬಿಟ್ಟಳು. ಹಿಟ್ಟು ಕಲಸುತ್ತಿದ್ದ ಹುಡುಗಿ ಒಳಗಿನಿಂದಲೇ ಓಗೊಡುವ ಹಾಗೆ. ಆಮೇಲೆ ಏನು ಮಾಡಿದೆನೆಂದು ತಿಳಿದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಡಬ್ಬಿ ಅವಳ ಆ ಓ ಅನ್ನೂ ಒಮ್ಮೆ ಹೇಳಿ ಸುಮ್ಮನಾಯಿತು. "ಇಟ್ಟುಕೊಂಡಿತು" ಎಂದಳು ಆಯಿ. ಸುಭಾಸ ಗೋಡೆಗೆ ಮುಖ ಮಾಡಿ ನಿಂತಿದ್ದ. ನಾನು ಗೇಟಿನ ಕಡೆ ನೋಡಿದೆ. ಪರಶುರಾಮಭಾವ ಬಂದು ಎಷ್ಟು ಹೊತ್ತಾಗಿತ್ತೋ, ಮಳೆಯಿಲ್ಲದಿದ್ದರೂ ಛತ್ರಿ ಬಿಚ್ಚಿಕೊಂಡೇ ನಿಂತುಬಿಟ್ಟಿದ್ದ. ಇಪ್ಪತ್ತು ವರ್ಷ ಎರಡೆರಡು ಸಲ ಕರೆದ ಮನುಷ್ಯ, ಹೆಂಡತಿ ಒಂದೇ ಕರೆಗೆ ಓ ಎಂದದ್ದನ್ನು ಕಿವಿಯಾರೆ ಕೇಳಿದ್ದ. ನಾನು ಹೋಗಿ ಅವನ ಕೈಯಿಂದ ಛತ್ರಿ ತೆಗೆದು ಮಡಚಿದೆ.

ಚಹಾ ಆಯಿತು. ಹೊರಡುವಾಗ ಸುಭಾಸ ಡಬ್ಬಿಯನ್ನು ಅವಳ ಚೀಲಕ್ಕೆ ಹಾಕಹೋದ. ಗೋಕುಳಾ ತೆಗೆದು ಒರಳಿನ ಪಕ್ಕ ಇಟ್ಟಳು. "ಗುಡ್ಡಾ ಯಾರರ ಗಂಡನ ಮನಿಗೆ ಒಯ್ತಾರೇನೋ, ಹುಚ್ಚಾ? ಆಯಿ ಕಡೆ ಇರ್ಲಿ." ನಾವೆಲ್ಲ ಬಸ್‌ಸ್ಟಾಪಿನವರೆಗೆ ಬಂದೆವು. ಭಾವ ಚೀಲ ಹಿಡಿದು ಮುಂದೆ ನಡೆದಿದ್ದ. ಅಕ್ಕ ಹಿಂದೆ ಉಳಿದು ತಮ್ಮನ ಜೊತೆ ಏನೋ ಮಾತಾಡುತ್ತಿದ್ದಳು. ಹಳಿಯಾಳದ ಬಸ್ಸು ತಿರುವಿನಲ್ಲಿ ಕಾಣಿಸಿತು. ಭಾವ ತಿರುಗಿ ಬಾಯಿ ತೆರೆದ, ತೆರೆದವನು ತಡೆದ. ಲಗ್ನಪತ್ರಿಕೆಯಲ್ಲಿ ಓದಿದ್ದು ಬಿಟ್ಟರೆ ಆ ಹೆಸರು ಅವನ ಬಾಯಿಗೆ ಬಂದದ್ದೇ ಇರಲಿಲ್ಲ. ಹೊಸಬರ ಮನೆಯ ಬಾಗಿಲು ತಟ್ಟುವವನಂತೆ ಸಂಕೋಚಪಟ್ಟುಕೊಂಡು, ಮೆಲ್ಲಗೆ ಕರೆದ.

"ಗೋಕುಳಾ."

"ಓ, ಬಂದೆ" ಎಂದು ಅವಳು ನಿರಿಗೆ ಎತ್ತಿ ಹಿಡಿದು ನಡೆದಳು. ಅವನು ಎರಡನೇ ಸಲ ಕರೆಯಬೇಕಾಗಲಿಲ್ಲ.